ಹನ್ನೆರಡು ಪಿನ್ನಿನ ಪಂಚಾಯಿತಿ

ಮನೆಗಾಗಿ ಮಾಡಿದ ವಸ್ತು ಯಾವುದು, ಕಾರ್ಖಾನೆಗಾಗಿ ಮಾಡಿದ್ದು ಯಾವುದು ಅಂತ ತಿಳಿಯಬೇಕಾದರೆ ತಿರುಗಿಸಿ ಬೆನ್ನು ನೋಡಬೇಕು. ಮನೆಯ ಟಿ.ವಿ.ಯ ಬೆನ್ನಿಗೆ ಆಂಟೆನಾ ಎಲ್ಲಿ, ವಿಡಿಯೊ ಎಲ್ಲಿ, ಬಿಚ್ಚಿದರೆ ಶಾಕ್ ಹೊಡೆಯುತ್ತೆ ಎಂದೆಲ್ಲ ಬರೆದಿರುತ್ತದೆ. ಕಾರ್ಖಾನೆಯ ಕ್ಯಾಮೆರಾದ ಬೆನ್ನಿಗೆ ಒಂದು ದುಂಡನೆಯ ಕನೆಕ್ಟರ್, ಅದರೊಳಗೆ ಹನ್ನೆರಡು ಪಿನ್ನು, ಪಕ್ಕದಲ್ಲೊಂದು ಮಾಡೆಲ್ ನಂಬರು, ಅಷ್ಟೆ. ಗೊತ್ತಿರಬೇಕಾದವರಿಗೆ ಗೊತ್ತಿದೆ, ಮಿಕ್ಕವರಿಗೆ ಯಾಕೆ ಇದರ ಉಸಾಬರಿ ಅನ್ನುವ ಧೋರಣೆ. ಬಾಟಲಿಗೆ ಮುಚ್ಚಳ ಕೂತಿದೆಯೋ, ಬಟ್ಟೆಯಲ್ಲಿ ಎಳೆ ತಪ್ಪಿದೆಯೋ, ಕುಲುಮೆಯೊಳಗೆ ಉರಿ ನೆಟ್ಟಗಿದೆಯೋ ಎಂದು ವರ್ಷಗಟ್ಟಲೆ ನೋಡಿಕೊಂಡಿದ್ದ ಈ ಡಬ್ಬಿ, ಕಂಪನಿಯವರು ಹೊಸ ಲೈನು ಹಾಕಿದ ದಿನ ಕೇಬಲ್ ಕತ್ತರಿಸಿಕೊಂಡು ಗುಜರಿ ಸೇರುತ್ತದೆ. ಬಿಚ್ಚಿದ್ದಾರೆ ಅನ್ನುವಂತಿಲ್ಲ, ಕತ್ತರಿಸಿರುತ್ತಾರೆ. ಸ್ಕ್ರೂ ಬಿಚ್ಚುವ ತಾಳ್ಮೆ ಗುತ್ತಿಗೆಯವನಿಗೆ ಎಲ್ಲಿಂದ ಬರಬೇಕು?

ಬೆಂಗಳೂರಲ್ಲಿ ಇಂಥವಕ್ಕೆ ಬರವಿಲ್ಲ. ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಹೀಗೆ ಒಂದರ ಹಿಂದೊಂದು ಕಾರ್ಖಾನೆ ಬಂದು ಕೂತ ಊರು. ಅವಕ್ಕೆ ಬಿಡಿಭಾಗ ಒದಗಿಸುವ ಸಣ್ಣ ಪುಟ್ಟ ಶೆಡ್ಡುಗಳು ಪೀಣ್ಯದ ತುಂಬ. ಯಂತ್ರ ಹಳೆಯದಾದಂತೆ ಹರಾಜು, ಹರಾಜಿನಿಂದ ಲಾರಿ, ಲಾರಿಯಿಂದ ಎಸ್.ಪಿ. ರೋಡಿನ ಹಿಂದಿನ ಗಲ್ಲಿ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೇಳಿದರೆ ಆಟೋದವರು ಒಮ್ಮೆ ಮುಖ ನೋಡುತ್ತಾರೆ, ಎಸ್.ಪಿ. ರೋಡ್ ಅಂದರೆ ಮೀಟರ್ ಹಾಕದೆ ಹೊರಡುತ್ತಾರೆ. ಮುಂದಿನ ಸಾಲಲ್ಲಿ ಲ್ಯಾಪ್‌ಟಾಪು, ಚಾರ್ಜರು, ಕೇಬಲ್ಲು. ಹಳೇ ಯಂತ್ರ ಕೆದಕುವ ನಮ್ಮಂಥವರ ಸ್ವರ್ಗ ಇರುವುದು ಒಳಗೆ, ಬೆಳಕು ಕಮ್ಮಿ ಇರುವ ಕಡೆ.

ಅಲ್ಲಿನ ವ್ಯಾಪಾರದ ಮಾತು ನೋಡಿ.

“ಇದೇನು ಭಾಯ್?”

“ಕ್ಯಾಮ್ರಾ ಸಾರ್. ಜಪಾನ್ ಮಾಲು.”

“ವರ್ಕ್ ಆಗುತ್ತಾ?”

“ವರ್ಕಿಂಗ್ ಕಂಡೀಷನಲ್ಲೇ ಬಿಚ್ಚಿರೋದು ಸಾರ್. ಕಂಪ್ನಿದು.”

“ಇದರ ಕೇಬಲ್ಲು? ಪವರ್ ಸಪ್ಲೈ?”

“ಅದೆಲ್ಲ ನೀವು ನೋಡ್ಕೋಬೇಕು ಸಾರ್. ನಿಮ್ಗೆ ಗೊತ್ತಿರೋದಕ್ಕೇ ತಾನೇ ಕೈಗೆತ್ಕೊಂಡಿದ್ದು?”

ಈ ಕೊನೇ ಮಾತಿಗೆ ಎದುರುತ್ತರವಿಲ್ಲ. ಆತ ವ್ಯಾಪಾರಿ, ಗಿರಾಕಿಯ ಕಣ್ಣಲ್ಲಿ ಬೆಲೆ ಓದುತ್ತಾನೆ. ವಸ್ತು ಏನೆಂದು ಅವನಿಗೆ ಗೊತ್ತಿಲ್ಲ, ನಮಗೆ ಅದು ಬೇಕು ಅನ್ನುವುದು ಗೊತ್ತು. ಅದಕ್ಕೇ ಹಳಬರು ತಮಗೆ ಬೇಕಾದ್ದನ್ನು ಮೊದಲು ಮುಟ್ಟುವುದಿಲ್ಲ. ಪಕ್ಕದ ಟ್ರಾನ್ಸ್‌ಫಾರ್ಮರ್ ಎತ್ತಿ, ಭಾರ ನೋಡಿ, ಬೇಡ ಎಂದು ಇಟ್ಟು, ಹೋಗುವಾಗ ‘ಇದೂ ಹಾಕಿಬಿಡು’ ಅನ್ನುತ್ತಾರೆ. ಲೆನ್ಸ್ ಇದ್ದರೆ ಮಾತ್ರ ಆ ನಾಟಕ ನಡೆಯುವುದಿಲ್ಲ. ಗಾಜಿನ ಬೆಲೆ ಗಲ್ಲಿಯ ಪ್ರತಿಯೊಬ್ಬನಿಗೂ ಗೊತ್ತು.

ದಾಖಲೆಯಿಲ್ಲದ ಇಂಥ ಡಬ್ಬಿಯನ್ನು ಅರ್ಥಮಾಡಿಕೊಳ್ಳುವುದು ಪಹಣಿ ಕಳೆದುಹೋದ ಜಮೀನನ್ನು ಅಳೆದ ಹಾಗೆ. ಕಾಗದ ಇಲ್ಲದಿದ್ದರೇನು, ಗಡಿಕಲ್ಲು ಇರುತ್ತವಲ್ಲ. ಒಂದು ಕಲ್ಲು ಸಿಕ್ಕಿದರೆ ಮಿಕ್ಕವು ಎಲ್ಲಿರಬೇಕು ಎಂದು ಲೆಕ್ಕ ಹಾಕಬಹುದು. ಮೊದಲ ಕಲ್ಲು ಗ್ರೌಂಡ್. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಲೋಹದ ಮೈಗೆ, ಇನ್ನೊಂದು ಒಂದೊಂದೇ ಪಿನ್ನಿಗೆ. ಬೀಪ್ ಅಂದದ್ದೆಲ್ಲ ಗ್ರೌಂಡ್. ಹನ್ನೆರಡರಲ್ಲಿ ನಾಲ್ಕೈದು ಅಲ್ಲೇ ಉದುರಿಹೋಗುತ್ತವೆ. ಮೈ ಪ್ಲಾಸ್ಟಿಕ್ ಆಗಿದ್ದರೆ ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹುಡುಕಿ. ಅದರ ನಡುಗಾಲು ಗ್ರೌಂಡ್, ಎಡಗಾಲಿಗೆ ಕರೆಂಟು ಬರುತ್ತದೆ, ಬಲಗಾಲಿಂದ 5 ವೋಲ್ಟ್ ಹೊರಡುತ್ತದೆ. ಎಡಗಾಲಿನ ಹಾದಿ ಹಿಡಿದು ಹಿಂದಕ್ಕೆ ನಡೆದರೆ ಕನೆಕ್ಟರಿನ ಯಾವುದೋ ಒಂದು ಪಿನ್ನಿಗೆ ಹೋಗಿ ಮುಟ್ಟುತ್ತೀರಿ. ಬಾಗಿಲು ಅದೇ.

ಎಷ್ಟು ವೋಲ್ಟ್ ಕೊಡಬೇಕು? ಅದನ್ನೂ ಡಬ್ಬಿಯೇ ಹೇಳುತ್ತದೆ. ಆ ಬಾಗಿಲ ಹತ್ತಿರ ನಿಂತಿರುವ ಮೊದಲ ಕೆಪಾಸಿಟರನ್ನು ಓದಿ. 25 ವೋಲ್ಟ್ ಅಂತ ಇದ್ದರೆ ಮಾಡಿದವನು 12 ಮನಸ್ಸಲ್ಲಿಟ್ಟುಕೊಂಡಿದ್ದ. 50 ಅಂತ ಇದ್ದರೆ 24 ಇರಬೇಕು. ಎಂಜಿನಿಯರುಗಳು ಎಲ್ಲ ದೇಶದಲ್ಲೂ ಒಂದೇ ಜಾತಿ, ಇಮ್ಮಡಿ ಅಂತರ ಬಿಟ್ಟರೇ ನಿದ್ದೆ ಬರುವುದು. ಚಿಪ್ಪುಗಳ ಬೆನ್ನಿನ ನಾಲ್ಕಂಕಿಯನ್ನೂ ನೋಡಿ: 9214 ಅಂದರೆ 1992ನೆಯ ಇಸವಿಯ ಹದಿನಾಲ್ಕನೆಯ ವಾರ. ಹುಟ್ಟಿದ ದಿನಾಂಕ ಇಷ್ಟು ನಿಖರವಾಗಿ ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ; ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಜನ್ಮದಿನ.

ಇಷ್ಟೆಲ್ಲ ಗೊತ್ತಾದ ಮೇಲೂ ತಟ್ಟನೆ ಕರೆಂಟು ಕೊಡಬಾರದು. ನಮ್ಮ ಬೀದಿಯ ಕೊನೇ ಮನೆಯ ರಾಯರು ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಮಾತು: “ಸ್ವಾಮೀ, ಅವಸರ ಯಾಕೆ? ಇಪ್ಪತ್ತು ವರ್ಷ ಸುಮ್ಮನೆ ಕೂತಿದೆಯಂತೆ, ಇನ್ನೊಂದು ಸಂಜೆ ಕೂತರೆ ಅದಕ್ಕೇನು ನಷ್ಟ?” ಅವರದು ಹಳೇ ಟಿ.ವಿ. ರಿಪೇರಿಯವರ ಸೀರೀಸ್ ಲ್ಯಾಂಪ್ ಪದ್ಧತಿ. ಮೇನ್ಸಿನ ಉಪಕರಣವಾದರೆ ದಾರಿಯಲ್ಲಿ ಮನೆಯ ಹಳದಿ ಬಲ್ಬು, 12 ವೋಲ್ಟಿನದಾದರೆ ಸ್ಕೂಟರಿನ ಇಂಡಿಕೇಟರ್ ಬಲ್ಬು. ಬಲ್ಬು ಜಗ್ಗನೆ ಹೊತ್ತಿ ಹಾಗೇ ನಿಂತರೆ ಒಳಗೆ ಶಾರ್ಟು, ತಕ್ಷಣ ಕಿತ್ತುಬಿಡಿ. ಒಮ್ಮೆ ಮಿಣುಕಿ ಮಂಕಾದರೆ ಒಳಗಿನವರು ಎದ್ದಿದ್ದಾರೆ ಅಂತ. ಸಾವಿರಾರು ರೂಪಾಯಿಯ ಪವರ್ ಸಪ್ಲೈ ಮಾಡುವ ಕೆಲಸ ಈ ಬಲ್ಬು ಮಾಡುತ್ತದೆ, ಅದೂ ಕಣ್ಣಿಗೆ ಕಾಣುವ ಹಾಗೆ.

ದುಂಡನೆಯ ಹನ್ನೆರಡು ಪಿನ್ನಿನ ಆ ಕನೆಕ್ಟರ್ ಇದೆಯಲ್ಲ, ಹಿರೋಸೆ ಅನ್ನುವ ಜಪಾನಿ ಕಂಪನಿಯದು, ಅದಕ್ಕೊಂದು ಅಭ್ಯಾಸವಿದೆ. ಒಂದನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್, ನಾಲ್ಕನೆಯದು ವಿಡಿಯೊ. ಸೋನಿಯವರು ಹಾಗೆ ಹಾಕಿದರು, ಉಳಿದವರು ಬಹುಮಟ್ಟಿಗೆ ಅದನ್ನೇ ಹಿಡಿದರು. ಬಹುಮಟ್ಟಿಗೆ ಅಂದೆ, ಪ್ರತಿ ಊರಲ್ಲೂ ಪದ್ಧತಿ ಮೀರುವವನೊಬ್ಬ ಇರುತ್ತಾನೆ, ಆದ್ದರಿಂದ ಮೀಟರಿಗೆ ರಜೆ ಕೊಡಬೇಡಿ. ತಮಾಷೆ ಏನೆಂದರೆ ಇದಕ್ಕೆ ಜೊತೆಯಾಗುವ ಪ್ಲಗ್ಗನ್ನು ಹೊಸದಾಗಿ ಕೊಳ್ಳಹೋದರೆ ಗುಜರಿಯ ಕ್ಯಾಮೆರಾಕ್ಕಿಂತ ದುಬಾರಿ. ಅದಕ್ಕೇ ಕತ್ತರಿಸಿದ ಕೇಬಲ್ಲಿನ ಗೇಣುದ್ದದ ಬಾಲ ಉಳಿದಿರುವ ಕ್ಯಾಮೆರಾ ಕಂಡರೆ ಬಿಡಬೇಡಿ. ಬಾಲಕ್ಕೇ ಕಾಸು.

ಸರಿ, ಕರೆಂಟು ಹರಿಯಿತು, ವಿಡಿಯೊ ಪಿನ್ನನ್ನು ಟಿ.ವಿ.ಗೆ ಕೊಟ್ಟಿರಿ. ಚಿತ್ರ ಬಂತು, ಆದರೆ ಮೇಲಿಂದ ಕೆಳಕ್ಕೆ ಉರುಳುತ್ತಿದೆ. ದೂರದರ್ಶನದ ಕಾಲದವರಿಗೆ ಈ ಉರುಳಾಟ ಹೊಸದಲ್ಲ. ವಾರ್ತೆ ಓದುವವರ ತಲೆ ಕೆಳಗೆ, ಕೋಟಿನ ಗುಂಡಿ ಮೇಲೆ; ಮನೆಯ ಹಿರಿಯ ಮಗ ಎದ್ದು ಟಿ.ವಿ.ಯ ಹಿಂದಕ್ಕೆ ಕೈ ಹಾಕಿ ವರ್ಟಿಕಲ್ ಹೋಲ್ಡ್ ತಿರುಗಿಸುತ್ತಿದ್ದ, ಮಿಕ್ಕವರು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಹಾಂ ಬಿಡು ಬಿಡು” ಎಂದು ಕಿರುಚುತ್ತಿದ್ದರು. ಅದೇ ರೋಗ ಇದು. ನಮ್ಮ ಪದ್ಧತಿಯ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ; ಗುಣಿಸಿದರೆ 15,625 ಗೆರೆ. ಅಮೆರಿಕ, ಜಪಾನುಗಳ ಕಪ್ಪು ಬಿಳುಪು ಪದ್ಧತಿಯಲ್ಲಿ 525 ಗೆರೆ, 30 ಚಿತ್ರ, ಗುಣಿಸಿದರೆ 15,750. ನೋಡಿದಿರಾ, ಅಡ್ಡಗೆರೆಯ ವೇಗದಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಆದ್ದರಿಂದ ಹಳೆಯ ಟಿ.ವಿ. ಅದನ್ನು ನಮ್ಮದೇ ಅಂದುಕೊಂಡು ಹಿಡಿದುಬಿಡುತ್ತದೆ, ಜಗಳ ಬರುವುದು ಉದ್ದುದ್ದಕ್ಕೆ ಮಾತ್ರ: ಒಂದೊಂದು ಚಿತ್ರವನ್ನೂ ಎರಡು ಕಂತಿನಲ್ಲಿ ಬಿಡಿಸುವುದರಿಂದ ಅಲ್ಲಿ ಸೆಕೆಂಡಿಗೆ 60, ಇಲ್ಲಿ 50. ಅದೂ ಯಾಕೆ ಅಂದರೆ ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಅಲೆಯುತ್ತದೆ, ನಮ್ಮದು 50 ಸಲ. ಟಿ.ವಿ. ಶುರುವಾದ ಕಾಲದಲ್ಲಿ ಚಿತ್ರದ ಮೇಲೆ ಕರೆಂಟಿನ ಪಟ್ಟೆ ಓಡಾಡದಿರಲಿ ಎಂದು ಎರಡನ್ನೂ ಒಂದೇ ತಾಳಕ್ಕೆ ಕಟ್ಟಿದರು. ಸೋನಿಯ ಎಕ್ಸ್‌ಸಿ-75 ಎಂಬ ಅಂಗೈಯಗಲದ ಕ್ಯಾಮೆರಾ 60ರದು. ಅದೇ ಹೆಸರಿನ ಕೊನೆಗೆ ‘ಸಿಇ’ ಸೇರಿದರೆ 50ರದು. ಎರಡಕ್ಷರದಲ್ಲಿ ಒಂದು ಖಂಡದ ಕರೆಂಟೇ ಅಡಗಿದೆ.

ಹೋಲ್ಡ್ ತಿರುಪು ಇದ್ದ ಡಯನೋರಾ, ಸಾಲಿಡೇರ್ ಟಿ.ವಿ.ಗಳು ಇಂಥ ಪರೀಕ್ಷೆಗೆ ಬಹಳ ಒಳ್ಳೆಯವು. ಈಗಿನ ಚಪ್ಪಟೆ ಟಿ.ವಿ.ಗೆ ಸಿಗ್ನಲ್ಲು ಸ್ವಲ್ಪ ಹೆಚ್ಚುಕಮ್ಮಿ ಆದರೂ ಸಾಕು, ನೀಲಿ ಪರದೆ ತೋರಿಸಿ ‘ಸಿಗ್ನಲ್ ಇಲ್ಲ’ ಅಂತ ಕೈ ತೊಳೆದುಕೊಳ್ಳುತ್ತದೆ. ಹಳೆಯದು ಏನು ಬಂದರೂ ತೋರಿಸುತ್ತಿತ್ತು, ಉರುಳಿಸಿಯೋ ಓರೆ ಮಾಡಿಯೋ. ಆ ಉರುಳಾಟದಲ್ಲೇ ರೋಗ ಏನೆಂದು ತಿಳಿಯುತ್ತಿತ್ತು. ನನ್ನ ಕೇಳಿದರೆ ಅಜ್ಜಿ ಮನೆಯ ಅಟ್ಟದ ಟಿ.ವಿ.ಯನ್ನು ಮಾರಬೇಡಿ. ಅದಕ್ಕೊಂದು ಸಿಳ್ಳೆಯೂ ಇದೆ. ಆ 15,625 ಅಲೆಗಳ ವೇಗದಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಕೂಗುತ್ತಿರುತ್ತದೆ. ಐವತ್ತು ದಾಟಿದ ಕಿವಿಗೆ ಕೇಳದು, ಮಕ್ಕಳಿಗೆ ಕೇಳುತ್ತದೆ. ಗಲ್ಲಿಯಿಂದ ತಂದ ಮಾನಿಟರಿಗೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತೇನೆ. ಅವನು ಬಾಗಿಲಲ್ಲೇ ನಿಂತು “ಕುಯ್ ಅಂತಿದೆ ಅಂಕಲ್” ಅಂದುಬಿಡುತ್ತಾನೆ. ಅವನ ಫೀಸು ಒಂದು ಚಾಕೊಲೇಟು.

ಕ್ಯಾಮೆರಾಕ್ಕೆ ಜೀವ ಇದೆಯೇ ಎಂದು ತಿಳಿಯಲು ಲೆನ್ಸೂ ಬೇಕಿಲ್ಲ. ಟಿ.ವಿ. ರಿಮೋಟನ್ನು ಅದರ ಮುಖಕ್ಕೆ ಹಿಡಿದು ಗುಂಡಿ ಒತ್ತಿ. ಕಪ್ಪು ಬಿಳುಪು ಸಿಸಿಡಿ ಸೆನ್ಸರಿಗೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಾಣುತ್ತದೆ. ಪರದೆ ಮಿಣ ಮಿಣ ಬೆಳ್ಳಗಾಗುತ್ತದೆ. ಇನ್ನು ಲೆನ್ಸ್ ಹಾಕುವಾಗಿನ ಗೋಳು ಬೇರೆ. ಒಂದಿಂಚು ಅಗಲದ, ಇಂಚಿಗೆ 32 ಸುತ್ತಿನ ತಿರುಪು ಮರೆ ಇರುವ ಈ ಲೆನ್ಸುಗಳಲ್ಲಿ ಸಿ ಮತ್ತು ಸಿಎಸ್ ಎಂದು ಎರಡು ಬಗೆ. ಮರೆ ಒಂದೇ, ನೋಡಲು ಅಣ್ಣತಮ್ಮ. ಆದರೆ ಸಿ ಲೆನ್ಸಿಗೆ ಸೆನ್ಸರಿನಿಂದ 17.5 ಮಿಲಿಮೀಟರ್ ದೂರ ಬೇಕು, ಸಿಎಸ್‌ಗೆ 12.5. ಸಿಎಸ್ ಲೆನ್ಸನ್ನು ಸಿ ಕ್ಯಾಮೆರಾಕ್ಕೆ ಹಾಕಿದಿರೋ, ಎದುರು ಗೋಡೆ ಮಂಜು ಮಂಜು, ಲೆನ್ಸಿನ ಮೇಲೆ ಕೂತ ಸೊಳ್ಳೆ ಮಾತ್ರ ಸ್ಪಷ್ಟ. ತಿರುಗುಮುರುಗಾದರೆ ಯಾವುದೂ ಸ್ಪಷ್ಟವಿಲ್ಲ, ಆಗ ನಡುವೆ 5 ಮಿಲಿಮೀಟರಿನ ಒಂದು ಉಂಗುರ ಸೇರಿಸಬೇಕು. ಆ ಉಂಗುರ ಸಿಗುವುದು ಗಲ್ಲಿಯ ಸ್ಕ್ರೂ ಡಬ್ಬಿಯ ತಳದಲ್ಲಿ, ಎರಡೂ ಕೈ ಕಪ್ಪಾದ ಮೇಲೆ.

ಸೆನ್ಸರಿನ ಅಳತೆಯದಂತೂ ಇನ್ನೂ ವಿಚಿತ್ರ. ಅರ್ಧ ಇಂಚಿನ ಸೆನ್ಸರ್ ಎಂದು ಬರೆದಿರುತ್ತದೆ. ಅಳೆದರೆ ಕರ್ಣ 8 ಮಿಲಿಮೀಟರ್. ಅರ್ಧ ಇಂಚಿಗೆ ಹನ್ನೆರಡೂ ಮುಕ್ಕಾಲು ಇರಬೇಕಲ್ಲ, ಮಿಕ್ಕದ್ದು ಯಾರು ತಿಂದರು? 1950ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ವಿಡಿಕಾನ್ ಎಂಬ ಕ್ಯಾಮೆರಾ ಟ್ಯೂಬು ಹೊರತಂದಿತು. ಗಾಜಿನ ಕೊಳವೆಯ ಹೊರ ಅಗಲ ಒಂದಿಂಚು, ಒಳಗೆ ಚಿತ್ರ ಬೀಳುವ ಜಾಗದ ಕರ್ಣ 16 ಮಿಲಿಮೀಟರ್. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಬಾಯ್ಲ್ ಮತ್ತು ಸ್ಮಿತ್ ಸಿಸಿಡಿಯನ್ನು ಕಂಡುಹಿಡಿದರು (2009ರಲ್ಲಿ ನೊಬೆಲ್ ಕೂಡ ಬಂತು), ಮುಂದೆ ಅದು ಟ್ಯೂಬುಗಳನ್ನು ಓಡಿಸಿತು. ಗಾಜಿನ ಕೊಳವೆ ಹೋಯಿತು, ಅದರ ಹೊರ ಅಗಲದ ಲೆಕ್ಕ ಉಳಿಯಿತು. ಇವತ್ತು ನಿಮ್ಮ ಮೊಬೈಲಿನ ಜಾಹೀರಾತಿನಲ್ಲಿ ‘ಒಂದಿಂಚಿನ ಸೆನ್ಸರ್’ ಎಂದು ಹೊಗಳಿಕೊಂಡರೂ ಅಳೆಯುತ್ತಿರುವುದು ಎಂದೋ ಒಡೆದು ಹೋದ ಕೊಳವೆಯನ್ನೇ.

ಆದರೆ ಈ ವಿದ್ಯೆಯ ನಿಜವಾದ ರುಚಿ ಇರುವುದು ತಿರುಗುವ ಕ್ಯಾಮೆರಾಗಳಲ್ಲಿ. ಮಾಲ್‌ಗಳ, ಗೋದಾಮುಗಳ ಮೂಲೆಯಲ್ಲಿ ಕಪ್ಪು ಬುರುಡೆಯೊಳಗೆ ಕೂತು ಅತ್ತಿತ್ತ ನೋಡುತ್ತಿದ್ದವು. ಹಿಂದೆ ಒಂದಷ್ಟು ತಂತಿ ಬಿಟ್ಟರೆ ಏನೂ ಇಲ್ಲ. ಮೊದಲ ಮುಳ್ಳು ಕರೆಂಟಿನದು: ಇವಕ್ಕೆ ಸಾಮಾನ್ಯವಾಗಿ ಬೇಕಾದ್ದು 24 ವೋಲ್ಟ್ ಎ.ಸಿ. ಅಡಾಪ್ಟರು ಹುಡುಕಿ ಹೊರಟರೆ ಸುಸ್ತು. ಎಸ್.ಪಿ. ರೋಡಿನ ಪ್ರತಿ ಅಂಗಡಿಯಲ್ಲೂ ಇರುವ 12-0-12 ಟ್ರಾನ್ಸ್‌ಫಾರ್ಮರ್ ಕೇಳಿ, ನಡುವಿನ ತಂತಿ ಬಿಟ್ಟು ಎರಡು ತುದಿ ಹಿಡಿದರೆ 24. ಕರೆಂಟು ಬಂದ ಕೂಡಲೇ ಬುರುಡೆ ಒಂದು ಸುತ್ತು ತಿರುಗಿ, ಮೇಲೆ ಕೆಳಗೆ ನೋಡಿ, ಬಹಳಷ್ಟು ಮಾಡೆಲುಗಳಲ್ಲಿ ಟಿ.ವಿ. ಪರದೆಯ ಮೇಲೆ ತನ್ನ ವಿಳಾಸ, ವೇಗ, ಭಾಷೆ ಎಲ್ಲ ತಾನೇ ಬರೆದು ತೋರಿಸುತ್ತದೆ. ಇಷ್ಟು ಸಜ್ಜನಿಕೆ ನಾನು ಬೇರಾವ ಯಂತ್ರದಲ್ಲೂ ಕಂಡಿಲ್ಲ.

ಭಾಷೆ ಬಹುಪಾಲು ಪೆಲ್ಕೊ-ಡಿ. ಏಳು ಬೈಟಿನ ಒಂದು ವಾಕ್ಯ. ಮೊದಲನೆಯದು ಯಾವಾಗಲೂ ಎಫ್‌ಎಫ್, ಅಂದರೆ ‘ರೀ, ಇಲ್ಲಿ ಕೇಳಿ’. ಎರಡನೆಯದು ಯಾರಿಗೆ ಅನ್ನುವುದು. ಮೂರು, ನಾಲ್ಕು ಏನು ಮಾಡಬೇಕು ಅನ್ನುವುದು. ಐದು, ಆರು ಅಡ್ಡಕ್ಕೆ ಎಷ್ಟು ವೇಗ, ಉದ್ದಕ್ಕೆ ಎಷ್ಟು ವೇಗ. ಏಳನೆಯದು ಲೆಕ್ಕ ತಾಳೆ: ಎರಡರಿಂದ ಆರರವರೆಗೆ ಕೂಡಿದ ಮೊತ್ತ. ‘ಎಫ್‌ಎಫ್ 01 00 02 20 00 23’ ಎಂದು ಕಳಿಸಿ, ಒಂದನೆಯ ನಂಬರಿನ ಕ್ಯಾಮೆರಾ ಬಲಕ್ಕೆ ತಿರುಗುತ್ತದೆ. 02ರ ಜಾಗಕ್ಕೆ 04 ಇಟ್ಟು ಕೊನೆಯ 23ನ್ನು 25 ಮಾಡಿದರೆ ಎಡಕ್ಕೆ. ಕೂಡಿದ್ದು ತಪ್ಪಿದರೆ ಅದು ಅಲ್ಲಾಡುವುದಿಲ್ಲ, ಶ್ಯಾನುಭೋಗರ ಲೆಕ್ಕ. ಕಂಪ್ಯೂಟರಿಗೂ ಕ್ಯಾಮೆರಾಕ್ಕೂ ನಡುವೆ ಆರ್‌ಎಸ್-485 ಎಂಬ ಎರಡೇ ತಂತಿ, ಸಾಮಾನ್ಯವಾಗಿ ಸೆಕೆಂಡಿಗೆ 2400 ಬಿಟ್ಟಿನ ವೇಗ. ಎರಡು ತಂತಿ ಅದಲು ಬದಲಾದರೆ ಏನೂ ಸುಡುವುದಿಲ್ಲ, ಸುಮ್ಮನಿರುತ್ತದೆ, ತಿರುಗಿಸಿ ಹಾಕಿ. ಎಷ್ಟನೆಯ ನಂಬರು ಎಂದು ಗೊತ್ತಿಲ್ಲದಿದ್ದರೆ ಹೊಟ್ಟೆಯ ಮುಚ್ಚಳ ತೆಗೆದು ಅಕ್ಕಿಕಾಳಿನಷ್ಟು ಸ್ವಿಚ್ಚುಗಳ ಸಾಲನ್ನು ಓದಿ. ನನಗೆ ಚಿತ್ರ ಬಂದಾಗಿನ ಖುಷಿಗಿಂತ ಆ ಬುರುಡೆ ‘ಹೇಳಿದ ಕಡೆ’ ತಿರುಗಿದಾಗಿನ ಖುಷಿ ದೊಡ್ಡದು. ಮನೆಯಲ್ಲಿ ಬೇರೆ ಯಾರೂ ಹಾಗೆ ತಿರುಗುವುದಿಲ್ಲ ಅನ್ನುವುದೂ ಕಾರಣ ಇರಬಹುದು.

ಕೆಲವಕ್ಕೆ ಮದ್ದಿಲ್ಲ. ಕ್ಯಾಮೆರಾದ ತಲೆ ಒಂದು ಅಂಗಡಿಯಲ್ಲಿ, ಅದರ ಕಂಟ್ರೋಲ್ ಪೆಟ್ಟಿಗೆ ಇನ್ನೊಂದು ಅಂಗಡಿಯಲ್ಲಿ, ನಡುವೆ ಕಂಪನಿಯ ಸ್ವಂತ ಭಾಷೆ. ಇದನ್ನು ಕೊಳ್ಳಬೇಡಿ, ನನ್ನಾಣೆ. ಮೀನಿನ ವಾಸನೆ ಬರುವ ಬೋರ್ಡೂ ಅಷ್ಟೆ. ತೊಂಬತ್ತರ ದಶಕದ ಪುಟಾಣಿ ಕೆಪಾಸಿಟರುಗಳು ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತವೆ. ಹಳೆಯ ಮಾನಿಟರಿನ ಬೆನ್ನು ಬಿಚ್ಚುವ ಉಮೇದು ಬಂದರೆ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ, ಆರಿಸಿದ ಮೇಲೂ ಹತ್ತು ಸಾವಿರ ವೋಲ್ಟಿಗೂ ಮೀರಿ ಒಳಗೆ ಕೂತಿರಬಹುದು. ಮೂರು ರೆಕ್ಕೆಯ ವಿಕಿರಣದ ಗುರುತು ಕಂಡ ಡಬ್ಬಿಯನ್ನಂತೂ ಮುಟ್ಟಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯದ ಲ್ಯಾಬೊಂದರಿಂದ ಹರಾಜಾಗಿ ಬಂದ ಹಳೆಯ ಉಪಕರಣದಲ್ಲಿ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು.

ನಗುತ್ತಾ ಹೇಳುತ್ತಿದ್ದ ಮಾತು ಇಲ್ಲಿಗೆ ಬಂದಾಗ ನಗು ನಿಲ್ಲುತ್ತದೆ, ಯಾಕೆಂದರೆ ನಮ್ಮ ಒಗಟಿಗೂ ಆ ಸಾವಿಗೂ ಬೇರು ಒಂದೇ: ಡಬ್ಬಿಯೊಳಗೆ ಏನಿದೆ ಎಂದು ಹೇಳುವವರಿಲ್ಲ. ಕಾಗದ ಇರಲಿಲ್ಲವೆಂದಲ್ಲ. ಪ್ರತಿಯೊಂದು ಕ್ಯಾಮೆರಾದ ಜೊತೆಗೂ ಒಂದು ಪುಸ್ತಕ ಬಂದಿತ್ತು, ಸ್ಟೋರ್ಸಿನ ಬೀರುವಿನಲ್ಲಿ ರಬ್ಬರ್ ಸ್ಟ್ಯಾಂಪ್ ಹೊಡೆಸಿಕೊಂಡು ಭದ್ರವಾಗಿತ್ತು. ಹರಾಜಿನ ದಿನ ಯಂತ್ರ ‘ಸ್ಕ್ರ್ಯಾಪ್’ ಪಟ್ಟಿಗೆ ಹೋಯಿತು, ಪುಸ್ತಕ ‘ಹಳೇ ಪೇಪರ್’ ಪಟ್ಟಿಗೆ. ಕೊಂಡವರು ಬೇರೆ, ಲಾರಿ ಬೇರೆ, ದಿಕ್ಕು ಬೇರೆ. ನಾವು ಬಲ್ಬು, ಮೀಟರು, ಪಕ್ಕದ ಮನೆಯ ಹುಡುಗನನ್ನೆಲ್ಲ ಕಟ್ಟಿಕೊಂಡು ವಾರಗಟ್ಟಲೆ ಹುಡುಕುವ ಸಂಗತಿ ಆ ಪುಸ್ತಕದ ಮೂರನೆಯ ಪುಟದಲ್ಲಿ ಚಿತ್ರ ಸಮೇತ ಇದ್ದಿರುತ್ತದೆ, ಆ ಪುಟದಲ್ಲಿ ಈಗ ಕಡಲೆಬೀಜ.

ಆದ್ದರಿಂದ ಸ್ಟೋರ್ಸಿನ ಮಹನೀಯರಲ್ಲಿ ಒಂದು ವಿನಂತಿ. ಮುಂದಿನ ಸಲ ಹಳೇ ಯಂತ್ರಗಳ ಪಟ್ಟಿ ಮಾಡುವಾಗ ಪುಸ್ತಕವನ್ನು ಅದರ ಯಂತ್ರಕ್ಕೇ ಸುತ್ತಿ ಒಂದು ಸುತಲಿ ಕಟ್ಟಿಬಿಡಿ. ಪುಸ್ತಕ ದಪ್ಪವಾಯಿತು ಅನ್ನಿಸಿದರೆ ಪಿನ್ನುಗಳ ಪಟ್ಟಿ ಇರುವ ಒಂದೇ ಹಾಳೆ ಹರಿದು, ಮುಚ್ಚಳದ ಒಳಬದಿಗೆ ಟೇಪು ಹಾಕಿ ಕಳಿಸಿ. ತೂಕಕ್ಕೆ ಹಾಕಿದರೆ ಆ ಹಾಳೆಯಿಂದ ನಿಮ್ಮ ಕಂಪನಿಗೆ ಹತ್ತು ಪೈಸೆಯೂ ಹುಟ್ಟುವುದಿಲ್ಲ.